ಇನ್ನೂ ಒಣಗದ ಸೈಕಲ್

ಭಾನುವಾರ, ಮಧ್ಯಾಹ್ನ

ನನ್ನ ಸೊಸೆಗೆ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಕೆಲಸದ ಊರಿಗೆ ಹೋದ ಮೇಲೆ ನೀನು ಬರೆದ ಕಾಗದಗಳಲ್ಲೆಲ್ಲ ಒಂದೇ ಮಾತು. ಅತ್ತೆ, ಸೈಕಲ್ ತೊಳೆದು ಲಾರಿಗೆ ಹಾಕಿಸಿ, ಇಲ್ಲಿಯೂ ಗುಡ್ಡದ ದಾರಿಗಳಿವೆ, ಅವರ ಸೈಕಲ್ಲನ್ನು ಇನ್ನು ನಾನೇ ಓಡಿಸುತ್ತೇನೆ ಅಂತ. ಅತ್ತೆಯ ಮಂಡಿನೋವು ಹೇಗಿದೆ ಅಂತ ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಸೈಕಲ್ ಇನ್ನೂ ತಯಾರಾಗಿಲ್ಲ. ನಿನಗೆ ಗೊತ್ತೇ ಇದೆ, ನನ್ನ ಮಗ ಕೊನೆಯ ಸಲ ಗುಡ್ಡ ಸುತ್ತಿ ಬಂದ ಸಂಜೆಯೇ ಜ್ವರ ಅಂತ ಮಲಗಿದ, ಆಸ್ಪತ್ರೆಗೆ ಹೋದ, ವಾಪಸ್ ಬರಲಿಲ್ಲ. ಮೆತ್ತಿದ ಮಣ್ಣು ಸೈಕಲ್ ಮೇಲೆ ಕಲ್ಲಾಗಿ ಕೂತಿತ್ತು. ಸೈಕಲ್ಲಿಗೆ ಸ್ನಾನವಾಗದೆ ಯಾರಿಗೂ ಊಟವಿಲ್ಲ ಅಂತ ಈ ಮನೆಗೆ ಕಾನೂನು ತಂದವರು ನೀವಿಬ್ಬರೇ. ನೀನು ಹಿಂದಿನ ಚಕ್ರ ಎತ್ತಿ ಹಿಡಿಯುವುದು, ಅವನು ಪೆಡಲ್ ತಿರುಗಿಸುತ್ತಾ ಚೈನ್ ಉಜ್ಜುವುದು, ನಾನು ಕಿಟಕಿಯಿಂದ ಊಟ ಆರಿಹೋಯಿತು ಅಂತ ಕೂಗುವುದು. ಆ ಒಂದು ಸಂಜೆ ಮಾತ್ರ ಕಾನೂನು ಮುರಿಯಿತು.

ನಾನು ಹೊಲಿಗೆಯವಳು. ಯಂತ್ರ ಅಂದರೆ ಎಣ್ಣೆ ಅಂತ ತಿಳಿದವಳು. ಮಿಷನ್ನಿನ ಎಣ್ಣೆ ತಂದು ಬ್ರೇಕಿನ ಡಿಸ್ಕಿಗೂ ಹನಿಸಿ ಒರೆಸಿಬಿಟ್ಟೆ. ಒಳ್ಳೆ ಹೊಳಪು ಬಂತು. ಸೈಕಲ್ ರಿಪೇರಿಯ ಗಡ್ಡದಣ್ಣ ಅದನ್ನು ನೋಡಿ ತಲೆ ಚಚ್ಚಿಕೊಂಡ. ಬ್ರೇಕಿಗೆ ಎಣ್ಣೆ ಬಿಟ್ಟು ಸೊಸೆಯನ್ನು ಇಳಿಜಾರಿಗೆ ಕಳಿಸುತ್ತೀರಾ ಅಮ್ಮ, ಅತ್ತೆಯರ ಬಗ್ಗೆ ಜನ ಹೇಳುವುದು ಸುಳ್ಳಲ್ಲ ಬಿಡಿ ಅಂದ. ಡಿಸ್ಕ್ ಚೊಕ್ಕ ಮಾಡಿಸಿ, ಪ್ಯಾಡ್ ಹೊಸದು ಹಾಕಿಸಿದ್ದೇನೆ. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಚಕ್ರದ ನಡುವಿನ ಗ್ರೀಸ್ ತೊಳೆದುಹೋಗುತ್ತದೆ ಅಂತಲೂ ಅವನೇ ಹೇಳಿದ. ಈಗ ಬಕೆಟ್ ನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು. ಗೇರಿನ ಹಲ್ಲುಚಕ್ರಗಳ ಸಂದಿಗೆ ಬನಿಯನ್ನಿನ ಪಟ್ಟಿ ತೂರಿಸಿ ಎಳೆಯುತ್ತೇನೆ. ಚೈನ್ ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ, ಹೆಚ್ಚಾದದ್ದನ್ನು ಒರೆಸುವುದು.

ಆದರೂ ಕೆಲಸ ಮುಗಿಯುತ್ತಿಲ್ಲ. ಒಂದು ವಾರ ಚೈನ್ ಒಣಗಲಿಲ್ಲ. ಇನ್ನೊಂದು ವಾರ ಸೀಟಿನ ಕೆಳಗೆ ಮಣ್ಣು ಸಿಕ್ಕಿತು. ಈ ವಾರ ಟಯರಿನ ತುಂಬ. ಕೊಡಲು ಮನಸ್ಸಿಲ್ಲ ಅಂದುಕೊಳ್ಳಬೇಡ. ನಾನಿದನ್ನು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಲೇ?

ನಿನ್ನ ಸಾಮಾನೆಲ್ಲ ಹೋಯಿತು. ಬಟ್ಟೆ, ಪುಸ್ತಕ, ಆ ಕಬ್ಬಿಣದ ಬೀರು ಕೂಡ. ಉಳಿದಿರುವುದು ಇದೊಂದೇ. ಇದೂ ಹೋದ ಮೇಲೆ ನನಗೆ ಕಾಗದ ಬರೆಯಲು ನಿನಗೇನು ನೆಪ ಇರುತ್ತದೆ? ಗಂಡನೇ ಇಲ್ಲದ ಮೇಲೆ ಅತ್ತೆ ಯಾವ ಲೆಕ್ಕ? ನೀನು ಹಾಗಂದಿಲ್ಲ, ನಾನೇ ಅನ್ನುತ್ತಿದ್ದೇನೆ. ಬಹಳ ಸಂಕಟವಾಗುತ್ತದೆ ಕಣೇ. ಅವನಿಗಾಗಿ ಅಳುವಾಗ ಜೊತೆಗೆ ಕೂತು ಅಳಲು ನೀನೊಬ್ಬಳಿದ್ದೆ. ಈಗ ಒಬ್ಬಳೇ ಅತ್ತು, ಒಬ್ಬಳೇ ಮುಖ ತೊಳೆದುಕೊಳ್ಳುತ್ತೇನೆ.

ಹೊತ್ತು ಹೊತ್ತಿಗೆ ಉಣ್ಣು. ಇಳಿಜಾರಿನಲ್ಲಿ ನಿಧಾನ.

ಇವತ್ತಿಗೂ ನಿನ್ನ
ಅತ್ತೆ

ತಾ.ಕ.: ಕಾಗದ ಮಡಚಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಅವನ ಮಣ್ಣನ್ನು ತೊಳೆದು ಎಷ್ಟೋ ಕಾಲವಾಯಿತು. ಸೈಕಲ್ ಹೊಸದರ ಹಾಗೆ ನಿಂತಾಗ, ಇನ್ನು ಕಳಿಸದಿರಲು ನನಗೇನೂ ನೆಪವಿಲ್ಲ ಅನ್ನಿಸಿತು. ಮರುದಿನ ಅದನ್ನು ಗುಡ್ಡದ ಬುಡದವರೆಗೂ ತಳ್ಳಿಕೊಂಡು ಹೋಗಿ, ಕೆಸರಿನಲ್ಲಿ ಉರುಳಿಸಿ ತಂದು ಮತ್ತೆ ತೊಳೆದೆ. ಆಗಿನಿಂದ ಪ್ರತಿ ವಾರ ಇದೇ ನನ್ನ ಕೆಲಸ. ನಿನ್ನೆ ಗಡ್ಡದಣ್ಣ ದಾರಿಯಲ್ಲಿ ಎದುರಾದ. ಏರಿನಲ್ಲಿ ಹಿಂದಿನಿಂದ ಸ್ವಲ್ಪ ತಳ್ಳಿಕೊಟ್ಟು ಹೋದ. ಸೈಕಲ್ ಈಗ ಹಿತ್ತಲಲ್ಲಿ ಕೆಸರು ಮೆತ್ತಿಕೊಂಡೇ ನಿಂತಿದೆ. ಲಾರಿಗೀರಿ ಬೇಡ, ನೀನೇ ಬಂದು ತಗೊಂಡು ಹೋಗು. ಬರಲು ಮನಸ್ಸಿಲ್ಲದಿದ್ದರೆ ಹಾಗಂತಲೇ ಬರೆ, ಕಾಗದ ಕೈಸೇರಿದ ದಿನವೇ ತೊಳೆದು ಕಳಿಸುತ್ತೇನೆ.