ಉಪವಾಸದ ಮಡಿ

ಗಂಗಾವತಿ
೧೮ ಮಾರ್ಚ್ ೨೦೨೫

ತೀರ್ಥರೂಪ ಅಪ್ಪನವರಿಗೆ ಭವಾನಿಯ ನಮಸ್ಕಾರ.

ನಿಮ್ಮ ಕಣ್ಣಿನ ಆಪರೇಷನ್ ಆದಮೇಲೆ ಬಂದು ನೋಡಲಿಲ್ಲ, ಒಂದು ಪತ್ರವನ್ನೂ ಹಾಕಲಿಲ್ಲ. ಬೈಯಬೇಡಿ. ರಾಶಿ ಮುಗಿದಾಗಿನಿಂದ ಲೆಕ್ಕದಲ್ಲೇ ಮುಳುಗಿದ್ದೇನೆ. ಫೋನಿನಲ್ಲಿ ಏನು ಕೇಳಿದರೂ ನೀವು "ಎಲ್ಲಾ ಛಲೋ ಐತವ್ವ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಡಾಕ್ಟರು ಇನ್ನೂ ಓದಬೇಡಿ ಎಂದಿದ್ದಾರಂತೆ, ಅವ್ವನಿಗೆ ಓದಲು ಬಾರದು. ಓದಿಸಿಕೊಂಡೇ ಕೇಳಿ.

ಬೇವೂರಿನ ನಮ್ಮ ಹೊಲದಲ್ಲಿ ಜೋಳದ ಪ್ರಯೋಗಕ್ಕೆ ಮಡಿ ಕಟ್ಟಿದ ದಿನ ನೆನಪಿದೆಯೇ? ಲಲಿತಕ್ಕ ಚೀಟಿ ಎತ್ತುತ್ತಿದ್ದಳು. ನೀವು ಅವ್ವನ ಕಡೆ ತಿರುಗಿ "ಜ್ವಾಳ ಬಿತ್ತಾಕ ಚೀಟಿ ಎತ್ತತಾರೇನ?" ಎಂದು ನಕ್ಕಿರಿ. ಯಾವ ಮಡಿಗೆ ಏನು ಹಾಕಬೇಕೆಂಬುದು ನಮ್ಮ ಮನಸ್ಸಿನ ಮೇಲೆ ಹೋಗಬಾರದು, ಅದಕ್ಕೆ ಚೀಟಿ.

ನನ್ನ ಸಂಶೋಧನೆಯ ಗೈಡ್ ಗೋವಿಂದರಾಜ ಸರ್ ಮೊದಲೇ ಕೇಳಿದ್ದರು, "ನಿಮ್ಮ ಹೊಲ ಎಲ್ಲಾ ಕಡಿ ಒಂದ ನಮೂನಿ ಐತೇನು?" ಹಾಗಿದ್ದರೆ ಇಡೀ ಹೊಲಕ್ಕೆ ಒಟ್ಟಿಗೆ ಚೀಟಿ ಎತ್ತಿ, ಗೊಬ್ಬರವೊಂದನ್ನೇ ನೋಡುವ ಸರಳ ಅನೋವಾ ಲೆಕ್ಕ ಸಾಕಿತ್ತು. ನಮ್ಮದೋ, ದಿಬ್ಬದಿಂದ ಹಳ್ಳಕ್ಕೆ ಇಳಿಯುವ ಹೊಲ. ಮೇಲೆ ಕಲ್ಲು, ಕೆಳಗೆ ಕಪ್ಪು ಎರಿ ಮಣ್ಣು. ಹಾಗಾಗಿ ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಮಾಡಿದೆ. ಪ್ರತಿ ಪಟ್ಟಿಯಲ್ಲೂ ಚೀಟಿ ಬಂದಂತೆ ಕುರಿಗೊಬ್ಬರದ್ದೊಂದು ಮಡಿ, ಯೂರಿಯಾದ್ದೊಂದು, ಏನೂ ಹಾಕದ್ದೊಂದು. ಆ ಕೊನೆಯದನ್ನು ಕಂಡು ನಿಮ್ಮ ಮುಖ ಸಪ್ಪಗಾಗಿತ್ತು. "ಎಲ್ಲಾರಿಗೂ ಉಣಿಸಿ ಇದೊಂದನ್ನ ಉಪಾಸ ಕೆಡವೂದು ಯಾವ ನ್ಯಾಯವ್ವ?" ಎಂದಿರಿ.

ಅನೋವಾ ಎಂದರೆ ಪಾಲು ಹಚ್ಚುವ ಕೆಲಸ. ಇಳುವರಿಯ ಏರುಪೇರನ್ನೆಲ್ಲ ಗುಡ್ಡೆ ಹಾಕಿ, ಇಷ್ಟು ಪಟ್ಟಿಯದು, ಇಷ್ಟು ಗೊಬ್ಬರದ್ದು ಎಂದು ಬೇರ್ಪಡಿಸಬೇಕು. ಯಾರ ಪಾಲಿಗೂ ಸೇರದೆ ಉಳಿದದ್ದಕ್ಕಿಂತ ಗೊಬ್ಬರದ ಪಾಲು ಸಾಕಷ್ಟು ದೊಡ್ಡದಿದ್ದರೆ ಗೊಬ್ಬರ ಕೆಲಸ ಮಾಡಿದೆ ಎನ್ನಬಹುದು. ನನ್ನ ಲೆಕ್ಕದಲ್ಲಿ ಆ ಉಳಿದದ್ದೇ ಉಬ್ಬಿ ಕೂತಿತ್ತು! ಗೊಬ್ಬರ ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣುತ್ತಿಲ್ಲ ಎಂದಿತು ಕಂಪ್ಯೂಟರ್. ಮೊದಲು ಅಳು ಬಂತು, ಆಮೇಲೆ ಕುತೂಹಲ. ಮಡಿ ಮಡಿಯಾಗಿ ಹುಡುಕಿದೆ. ದಿಬ್ಬದ ಪಟ್ಟಿಯಲ್ಲಿ ಉಪವಾಸವಿರಬೇಕಾದ ಮಡಿಯೇ ಪಕ್ಕದವಕ್ಕಿಂತ ಹೆಚ್ಚು ಕಾಳು ಕೊಟ್ಟಿದೆ. ಇದೆಂಥ ಪವಾಡ?

ಗೊಬ್ಬರದ ಬುಟ್ಟಿ ಹೊತ್ತು ಆ ಮಡಿಯತ್ತ ಹೋದವರು ಯಾರೆಂದು ಈಗ ಗೊತ್ತಾಗಿದೆ ಅಪ್ಪಾ. ಸಿಟ್ಟಿಲ್ಲ. ಅಪ್ಪನ ಕರುಣೆಯನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ ಎಂದು ಸರ್ ಅವರನ್ನು ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೇಳಿದರು: "ಅದೊಂದ ಮಡಿ ಆಗಿದ್ರ, ಕಾರಣ ಬರದು ಅದನ್ನ ಬಿಟ್ಟು ಲೆಕ್ಕ ಮಾಡೂಣು. ಬ್ಯಾರೆ ಮಡಿಗೂ ಹಾಕಿದ್ರ ಮುಂದಿನ ಹಿಂಗಾರಿಗೆ ಮತ್ತ ಬಿತ್ತಬೇಕು."

ನನ್ನ ಒಂದು ವರ್ಷ ನಿಮ್ಮ ಬಾಯಲ್ಲಿದೆ. ಅದೊಂದೇ ಮಡಿಯೋ, ಬೇರೆಯವಕ್ಕೂ ಹಾಕಿದಿರೋ? ನಾನು ನೊಂದುಕೊಳ್ಳುತ್ತೇನೆಂದು ಮುಚ್ಚಿಡಬೇಡಿ.

ಕಣ್ಣಿಗೆ ಧೂಳು ತಾಗದಂತೆ ನೋಡಿಕೊಳ್ಳಿ, ಔಷಧ ತಪ್ಪಿಸಬೇಡಿ. ಅವ್ವನಿಗೆ ನಮಸ್ಕಾರ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು,
ಭವಾನಿ

ತಾ.ಕ.: ನೀವು ಬುಟ್ಟಿ ಹೊತ್ತದ್ದನ್ನು ದೂರದಿಂದ ಕಂಡವಳು ಲಲಿತಕ್ಕ, ಯಾವ ಯಾವ ಮಡಿಗೆ ಹಾಕಿದಿರೆಂದು ಅವಳಿಗೂ ಗೊತ್ತಿಲ್ಲ. ಮಡಿ ಕಾಯಲು ನಾನು ಒಪ್ಪಿಸಿದ್ದೂ ಅವಳಿಗೇ. ಯಾಕೆ ತಡೆಯಲಿಲ್ಲ ಎಂದು ಫೋನಿನಲ್ಲಿ ರೇಗಿದೆ. "ಏನಂತ ತಡೀಲಿ? ಗಂಡನ ಮನಿ ಬಿಟ್ಟು ಬಂದಾಗಿಂದ ಅಪ್ಪ ನನ್ನ ಕೂಡ ಒಂದ ಮಾತರ ಆಡ್ಯಾರೇನು?" ಎಂದಳು. ಈ ಸಾಲನ್ನು ಓದುತ್ತಿರುವವಳೂ ಅವಳೇ, ಮನೆಯಲ್ಲಿ ಓದಬಲ್ಲವರು ಇನ್ನಾರಿದ್ದಾರೆ? ಅಕ್ಕಾ, ಇದನ್ನೂ ಬಿಡದೆ ಓದು. ಅಪ್ಪಾ, ನನ್ನ ಪ್ರಶ್ನೆಗೆ ಉತ್ತರವನ್ನು ಅವಳ ಕೈಲೇ ಬರೆಸಿ ಕಳಿಸಿ. ಅವಳು ಬರೆಯಬೇಕಾದರೆ ನೀವು ಅವಳಿಗೆ ಹೇಳಬೇಕು.