ಗಾಳಿ ತಿರುಗಿದ ಸುದ್ದಿ

ಮಾರ್ಚ್ ೩, ಭಾನುವಾರ ಮಧ್ಯಾಹ್ನ

ಸಮುದ್ರದ ದಂಡೆಯಲ್ಲಿ ಹಾಯಾಗಿರುವ ನನ್ನ ಟೈಲರ್ ಸಾಹೇಬರಿಗೆ,

ಡ್ರೈವರಮ್ಮನ ನಮಸ್ಕಾರ. ನಾನು ಕ್ಷೇಮ, ಬಸ್ಸೂ ಕ್ಷೇಮ. ಪತ್ರ ತಡವಾಯಿತು, ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಕಣ್ಣು ಈಗ ಒಂದೇ ಸಾಲನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತು: ಗಾಳಿ ತಿರುಗಿತೋ ಇಲ್ಲವೋ? ಇಲ್ಲಿನ ಹೊಗೆಗೆ ಉಬ್ಬಸ ಏರುತ್ತದೆಂದು ಮೊದಲ ಚಳಿಗಾಲ ನಿಮ್ಮನ್ನು ಅಕ್ಕನ ಮನೆಗೆ ಕಳಿಸಿದಾಗ ದಿನಾ ಫೋನ್ ಮಾಡಿ ‘ತಿರುಗ್ತಾ? ತಿರುಗ್ತಾ?’ ಎಂದು ನನ್ನ ಪ್ರಾಣ ತಿಂದಿರಿ. ಅದಕ್ಕೇ ಅಲ್ಲವೇ ನಾವು ಈ ನಿಯಮ ಮಾಡಿಕೊಂಡದ್ದು? ಗಾಳಿಯ ವಿಷಯ ಫೋನಿನಲ್ಲಿ ಎತ್ತಬಾರದು, ಪತ್ರದಲ್ಲೇ ಬರಬೇಕು, ಬಂದ ದಿನವೇ ನೀವು ಮನೆಗೆ ಹೊರಡಬೇಕು. ಸ್ವಲ್ಪ ತಾಳಿ. ಮೊದಲು ಊರಿನ ಸುದ್ದಿ ಓದಿ.

ಈ ಸಲದ ಹೊಗೆ ಅಬ್ಬಬ್ಬಾ! ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮುಂದಿನ ಲಾರಿಯ ಬಾಲವೂ ಕಾಣುತ್ತಿರಲಿಲ್ಲ. ಗುಡ್ಡ ಹತ್ತುತ್ತಾ ನೀರಿನ ಟ್ಯಾಂಕಿನ ತಿರುವು ದಾಟಿದೆವೋ, ಫಳಾರನೆ ಬಿಸಿಲು. ಕೆಳಗೆ ನೋಡಿದರೆ ಊರೇ ಇಲ್ಲ, ಹಾಲು ಉಕ್ಕಿ ನಿಂತ ಪಾತ್ರೆಯಂತೆ ಕಾಣುತ್ತದೆ. ಕೆಮ್ಮುತ್ತಿದ್ದವರೆಲ್ಲ ಕಿಟಕಿ ತೆರೆದು, “ಮೇಡಂ, ಎರಡು ನಿಮಿಷ ಇಲ್ಲೇ ನಿಲ್ಸಿ, ಉಸಿರು ತುಂಬಿಸ್ಕೊಂಡು ಹೋಗೋಣ” ಎನ್ನುತ್ತಾರೆ. ನಾನೂ ನಿಲ್ಲಿಸುತ್ತೇನೆ. ಡಿಪೋ ಮ್ಯಾನೇಜರಿಗೆ ಇದನ್ನು ಹೇಳಬೇಡಿ.

ಮೇಲಿನ ಮನೆಯ ಮೇಷ್ಟ್ರು ಹಾಲು ತರಲು ಇಳಿದಾಗಲೆಲ್ಲ ನನ್ನನ್ನು ಹಿಡಿದು ಪಾಠ ಮಾಡುತ್ತಾರೆ. “ಸುತ್ತ ಗುಡ್ಡ ಇದೆಯಲ್ಲಮ್ಮ, ಚಳಿಗಾಲದಲ್ಲಿ ತಣ್ಣನೆ ಗಾಳಿ ಕೆಳಗೆ ಬಂದು ಕೂತ್ಬಿಡುತ್ತೆ. ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕುತ್ತೆ. ನಾವು ಬಿಟ್ಟ ಹೊಗೆ ನಮಗೇ!”

“ಮುಚ್ಚಳ ತೆಗೆಯೋರು ಯಾರು ಸಾರ್?” ಎಂದೆ.

“ಬಿಸಿಲು ಏರಬೇಕು, ಪಶ್ಚಿಮದ ಕಣಿವೆಯಿಂದ ಗಾಳಿ ನುಗ್ಗಬೇಕು. ಅಲ್ಲೀವರೆಗೂ ನಿಮ್ಮ ಯಜಮಾನ್ರು ಅಲ್ಲೇ ಇರ್ಲಿ.”

ನಗುವ ವಿಷಯ ಒಂದಿದೆ. ನೀವು ಬಿಟ್ಟುಹೋದ ಚೂರುಬಟ್ಟೆಗಳಿಂದ ಒಂದು ಕೆಂಪು ಪಟ್ಟಿ ಕತ್ತರಿಸಿ, ಗಾಳಿ ನೋಡಲು ತಾರಸಿಯ ಕೋಲಿಗೆ ಕಟ್ಟಿದ್ದೆನಲ್ಲ, ಈಗ ಇಡೀ ಬೀದಿ ಅದನ್ನೇ ನೋಡುತ್ತದೆ. ಒಂದು ಬೆಳಿಗ್ಗೆ ಪಟ್ಟಿ ಪಟಪಟ ಹಾರತೊಡಗಿತು. “ಗಾಳಿ ಬಂತು!” ಎಂದು ಯಾರೋ ಕೂಗಿದ್ದೇ ತಡ, ಹಾಸಿಗೆ, ದಿಂಬು, ಕಂಬಳಿ ಎಲ್ಲ ಹೊರಗೆ ಬಂದವು. ಕೆಳಗಿನ ಲಾಂಡ್ರಿಯಾಕೆ ಹೋಟೆಲಿನ ಬಿಳಿ ಚಾದರಗಳನ್ನೆಲ್ಲ ಹರವಿಯೇ ಬಿಟ್ಟರು. ಮಧ್ಯಾಹ್ನ ಒಂದು ಚಾದರ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. “ನೋಡ್ರಿ ಡ್ರೈವರಮ್ಮ, ನಿಮ್ಮ ಗಾಳಿ ಎಷ್ಟು ಚೆನ್ನಾಗಿ ಮಸಿ ಬಳಿದಿದೆ!”

ಆಮೇಲೆ ನೋಡಿದರೆ, ಪಕ್ಕದ ಬೇಕರಿಯವರು ಹೊಗೆ ತಳ್ಳಲು ಹೊಸ ಫ್ಯಾನು ಹಾಕಿಸಿದ್ದಾರೆ, ಅದರ ಬಾಯಿ ನೇರ ನಮ್ಮ ಪಟ್ಟಿಯ ಕಡೆಗೆ! ಬೇಕರಿಯವರು ಇಡೀ ಬೀದಿಗೆ ಬಿಸಿ ಬನ್ನು ಹಂಚಿ ರಾಜಿಯಾದರು. ಪಟ್ಟಿಯನ್ನು ತಾರಸಿಯ ಆಚೆ ಮೂಲೆಗೆ ಸಾಗಿಸಿದೆ.

ಮನೆ ಬಿಕೋ ಎನ್ನುತ್ತಿದೆ. ಮೆಟ್ಟಿಲ ತಿರುವಿನ ಕಿಟಕಿಯಲ್ಲಿ ಹೊತ್ತುಗಟ್ಟಲೆ ನಿಂತು, “ಬೀದಿ ನೋಡ್ತಿದ್ದೆ ಕಣೇ” ಎಂದು ಹೊಸ ಸುದ್ದಿ ಹೊತ್ತು ಬರುವವರು ಇಲ್ಲವಲ್ಲ. ನಿಮ್ಮಕ್ಕ ಮೊನ್ನೆ ಫೋನಿನಲ್ಲಿ ಹೇಳಿದರು, ನೀವು ದೀಪಸ್ತಂಭದ ಮೆಟ್ಟಿಲನ್ನೆಲ್ಲ ಎಲ್ಲೂ ನಿಲ್ಲದೆ ಹತ್ತಿದಿರಂತೆ, ಮೇಲೆ ನಿಂತು ಹಾಡಿದಿರಂತೆ! ನನಗೆ ಹೊಟ್ಟೆಕಿಚ್ಚು. “ಇಬ್ಬರೂ ಇಲ್ಲಿಗೇ ಬಂದುಬಿಡ್ರೋ” ಎಂದು ಅಕ್ಕ ಕರೆದರೆ, “ಅವಳಿಗೆ ಆ ಗುಡ್ಡದ ಬಸ್ಸೇ ಪ್ರಾಣ, ಸುಮ್ನಿರಕ್ಕಾ” ಎಂದು ನೀವೇ ಬಾಯಿ ಮುಚ್ಚಿಸುತ್ತೀರಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಂಜೆ ಮಫ್ಲರ್ ಬಿಡಬೇಡಿ. ಅಕ್ಕನಿಗೆ ನನ್ನ ನಮಸ್ಕಾರ, ಅವರ ಮಕ್ಕಳಿಗೆ ಆಶೀರ್ವಾದ. ನೀವು ನೂರು ವರ್ಷ ನನ್ನ ಕೈಲಿ ಬೈಸಿಕೊಂಡು ಚೆನ್ನಾಗಿರಿ.

ನಿಮ್ಮ
ಡ್ರೈವರಮ್ಮ

ಮರೆತಿದ್ದೆ (ಸುಳ್ಳು, ಮರೆತಿರಲಿಲ್ಲ): ಗಾಳಿ ತಿರುಗಿದೆ. ಕಳೆದ ಸೋಮವಾರವೇ ತಿರುಗಿತು. ಪಟ್ಟಿ ಗುಡ್ಡದ ಕಡೆ ನೆಟ್ಟಗೆ ಚಾಚಿತ್ತು, ಲಾಂಡ್ರಿಯ ಚಾದರಗಳು ಬೆಳ್ಳಗೇ ಒಣಗಿದವು. ‘ತಿರುಗಿತು, ಬನ್ನಿ’ ಎಂದು ಕಾರ್ಡು ಬರೆದು ಅಂಚೆಪೆಟ್ಟಿಗೆಗೆ ಹಾಕಲು ಓಡಿದೆ. ಮೆಟ್ಟಿಲ ತಿರುವಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಸರಿಮಾಡಿಕೊಂಡು ಎದ್ದವಳು ಕಿಟಕಿಯಿಂದ ಹೊರಗೆ ನೋಡಿದೆ. ಈ ಮನೆಗೆ ಬಂದಾಗಿನಿಂದ ನಾನು ಅಲ್ಲಿ ನಿಂತವಳೇ ಅಲ್ಲ, ನನಗೆ ನಿಲ್ಲಬೇಕಾಗಿಯೇ ಬಂದಿರಲಿಲ್ಲ.

ಅಲ್ಲಿಂದ ಕಾಣುವುದು ಪಕ್ಕದ ಮನೆಯ ಗೋಡೆ, ಒಂದು ತುಕ್ಕು ಹಿಡಿದ ಪೈಪು. ಬೀದಿ ಗೇಣಷ್ಟೂ ಕಾಣುವುದಿಲ್ಲ ರೀ.

ಅಲ್ಲೇ ಕೂತು ಅತ್ತುಬಿಟ್ಟೆ. ನೀವು ಉಸಿರಿಗಾಗಿ ನಿಂತಾಗಲೆಲ್ಲ “ಬೀದಿ ನೋಡಿದ್ದು ಸಾಕು, ಬೇಗ ಹತ್ತಿ” ಎಂದು ಮೇಲಿನಿಂದ ಕೂಗುತ್ತಿದ್ದೆನಲ್ಲ.

ಕಾರ್ಡು ಹಾಕಲಿಲ್ಲ. ಗಾಳಿ ತಿರುಗಿದರೂ ನೀವು ಬರಬೇಡಿ, ನಾನೇ ಬರುತ್ತೇನೆ. ನಿಮ್ಮ ಊರಿನ ಡಿಪೋಗೆ ವರ್ಗ ಕೇಳಿದ್ದೇನೆ, ಕೊಡುತ್ತಾರಂತೆ. ಆ ಚಪ್ಪಟೆ ರಸ್ತೆಯಲ್ಲಿ ಓಡಿಸುತ್ತಾ ನನಗೆ ತೂಕಡಿಕೆ ಬಂದರೆ ಪಕ್ಕದಲ್ಲಿ ಕೂತು ಹಾಡಿ. ಅಲ್ಲಿ ಬಾಡಿಗೆಗೆ ಮನೆ ನೋಡಿಡಿ. ಮಹಡಿಯಾದರೂ ಆದೀತು, ಆದರೆ ಮೆಟ್ಟಿಲ ನಡುವೆ ಒಂದು ಕಿಟಕಿ ಇರಲಿ, ನಿಜವಾಗಿ ಬೀದಿ ಕಾಣುವಂಥದ್ದು. ಇಬ್ಬರೂ ನಿಂತು ನೋಡೋಣ.