ಸರೋಜಾಳ ಅಳತೆ

ಮಣಿನಗರ, ಅಹಮದಾಬಾದ್
12-6-1994

ನೀಲಮ್ಮನಿಗೆ ಮೌನೇಶ ಬರೆಯುವುದು,

ನಾನು ಆರಾಮಾಗಿದ್ದೇನೆ. ಇಲ್ಲೊಂದು ಶಾಲೆಯ ಎರಡನೇ ತರಗತಿಗೆ ಪುಸ್ತಕ ಇಡುವ ಮರದ ಗೂಡುಗಳನ್ನು ಮಾಡಿಕೊಟ್ಟೆ. ಮಕ್ಕಳು ಮೊಣಕಾಲೂರಿ ಪುಸ್ತಕ ತೆಗೆಯಬೇಕಾಯಿತು. ನಮ್ಮ ಕಡೆಯವರೇ ಆದ ಗೌತಮಿ ಟೀಚರ್ ನಕ್ಕರು. "ಏನಪ್ಪಾ, ಇದು ಬಾಲವಾಡಿಗಾ? ಯಾರ ಅಳತೆ ತಗೊಂಡೆ?"

ಮಗಳು ಸರೋಜಾಳೂ ಎರಡನೇ ತರಗತಿ ತಾನೇ ಎಂದು ಅವಳನ್ನು ನೆನೆದು ಮಾಡಿದ್ದೆ. ಊರು ಬಿಟ್ಟಾಗ ಅವಳು ನನ್ನ ಸೊಂಟದವರೆಗೆ ಬರುತ್ತಿದ್ದಳು. ಅದಾಗಿ ಮೂರು ವರ್ಷವಾಯಿತೆಂಬುದು ಹೊಳೆಯಲಿಲ್ಲ.

ಟೀಚರ್ ಈಗ ಸರಿಯಾದ ಅಳತೆ ಕೊಟ್ಟಿದ್ದಾರೆ, ಗೂಡುಗಳನ್ನು ಎತ್ತರಿಸುತ್ತಿದ್ದೇನೆ. ಆದರೂ ನೀನು ಸರೋಜಾಳನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ದಾರ ಹಿಡಿದು ಕತ್ತರಿಸಿ, ಕವರಿನಲ್ಲಿ ಹಾಕಿ ಕಳುಹಿಸು. ತುದಿಗಾಲಲ್ಲಿ ನಿಂತಾಳು, ನೋಡಿಕೋ.

ಇಂತಿ,
ಮೌನೇಶ